ಲೀಟರಿಗೆ ಇಪ್ಪತ್ತು

ಬಳ್ಳಾರಿಯ ಸಾಹುಕಾರ ತೋಟಪ್ಪನವರು ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಕಾರೊಂದನ್ನು ಕೊಂಡಿದ್ದರು. ಹೆಂಡತಿ ಶಿವನ ಪಾದ ಸೇರಿದ ಮೇಲೆ ದಿನಾ ಸಂಜೆ ಗಾಜು ಏರಿಸಿಕೊಂಡು ಊರೆಲ್ಲ ಸುಮ್ಮನೆ ಸುತ್ತುತ್ತಿದ್ದರು. ಡ್ರೈವರ್ ಗಾದಿಲಿಂಗಪ್ಪನಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ಅವನನ್ನು ಹೆಸರು ಹಿಡಿದು ಕರೆಯುವ ದನಿಯೆಂದರೆ ಸಾಹುಕಾರರದೊಂದೇ, ಅದೂ ಬೈಯಲಿಕ್ಕೆ.

"ನಮ್ಮ ಷಡ್ಡಕಂದೂ ಇದೇ ಕಾರು. ಲೀಟರಿಗೆ ಇಪ್ಪತ್ತು ಕೊಡ್ತೈತಿ, ನಮ್ಮದು ಹದಿನಾರು. ಪೆಟ್ರೋಲು ನೀನೇ ಕುಡೀತೀಯೇನು?"

"ಅವರದು ಈಚಿನ ವರ್ಷದ ಮಾಡೆಲ್ಲು, ಧಣಿ."

"ವರ್ಷದ ಕಥೆ ಬ್ಯಾಡ. ನಾಳೆ ಇಪ್ಪತ್ತು ಬರಲಿಲ್ಲಂದ್ರ ಕೀಲಿ ಇಟ್ಟು ನಡಿ."

ಗಾದಿಲಿಂಗಪ್ಪ ದೇವರಿಗೆ ಕೈಮುಗಿದು, ಮರುದಿನ ಎಸಿ ಹಾಕದೆಯೇ ಹೊರಟ. ಸಾಹುಕಾರರ ಜುಬ್ಬ ಬೆನ್ನಿಗೆ ಅಂಟಿತು.

"ಎಸಿ ಎಲ್ಲಿ ಹೋತೋ?"

"ಅವರ ಮಾಡೆಲ್ಲಿನಾಗ ಎಸಿ ಬ್ಯಾಟರಿ ಮ್ಯಾಲೆ ನಡೀತೈತ್ರಿ. ನಮ್ಮದರಾಗ ನಿಂತಲ್ಲೂ ಇಂಜಿನ್ ಓಡಬೇಕು. ತಮಗ ಇಪ್ಪತ್ತು ಬೇಕೋ, ತಂಪು ಬೇಕೋ?"

ಹಟಮಾರಿ ಸಾಹುಕಾರರು ಗಾಜು ಇಳಿಸಿದರು. ಹೂವಿನ ಬೀದಿಯ ಗದ್ದಲದಲ್ಲಿ ಕಾರು ನಿಂತಿತು. ಹೂ ಕಟ್ಟುತ್ತಿದ್ದ ಮುದುಕಿ ಬಗ್ಗಿ ನೋಡಿದಳು.

"ಅಮ್ಮಾರು ಹೋದ ಮ್ಯಾಲೆ ಮುಖಾನೇ ತೋರಿಸಲಿಲ್ಲಲ್ಲ, ಧಣೇರಾ. ಹೊತ್ತಿಗೆ ಸರಿಯಾಗಿ ಉಣ್ತೀರೋ ಇಲ್ಲೋ?"

ಆ ಮಾತನ್ನು ಶಿವನೇ ಆಡಿಸಿದನೇನೋ. ಸಾಹುಕಾರರು ಕಣ್ಣೊರೆಸಿಕೊಂಡು, ಕಾರು ಕದಲುವವರೆಗೂ ಅವಳೊಂದಿಗೆ ಮಾತಾಡಿದರು.

ಮನೆ ಮುಟ್ಟಿದಾಗ ಮೀಟರು ಇಪ್ಪತ್ತು ತೋರಿಸುತ್ತಿತ್ತು. ಸಾಹುಕಾರರು ಅದರತ್ತ ನೋಡಲೂ ಇಲ್ಲ.

"ನಾಳೆ ಎಸಿ ಹಾಕಲೇನ್ರಿ, ಧಣಿ?"

"ಬ್ಯಾಡ. ನಾಳೆ ಒಂದು ತಾಸು ಮೊದಲೇ ಬಾ."