ದೊಡ್ಡ ಮೋಟರಿನ ಮೊದಲ ಸವಾರಿ

ಗ್ಯಾಸ್ ಏಜೆನ್ಸಿಯ ಯಜಮಾನ ರುದ್ರಮುನಿಯಪ್ಪ ಸಿಲಿಂಡರ್ ಸಾಗಿಸುವ ಹಳೇ ಸೈಕಲ್ಲನ್ನು ಇಳಿಜಾರಿನ ಮೇಲ್ತುದಿಯಲ್ಲಿದ್ದ ರಿಪೇರಿ ಅಂಗಡಿಗೆ ತಂದ.

"ಇದಕ್ಕೆ ಇರೋದ್ರಲ್ಲೇ ದೊಡ್ಡ ಮೋಟರ್ ಹಾಕು. ಇನ್ಮೇಲೆ ಆಳು ಒಂದೇ ಸಲಕ್ಕೆ ನಾಲ್ಕು ಸಿಲಿಂಡರ್ ಒಯ್ಯಬೇಕು."

"ಏರು ಹತ್ತುತ್ತೆ ಸಾರ್. ಇಳಿಯುವಾಗ ಅಷ್ಟು ಭಾರ ಈ ಬ್ರೇಕ್ ತಡೆಯಲ್ಲ. ಸಣ್ಣ ಮೋಟರ್, ಎರಡೇ ಸಿಲಿಂಡರ್ ಸಾಕು," ಅಂದ ಮೆಕ್ಯಾನಿಕ್. ಹೋದ ವರ್ಷ ಇದೇ ಇಳಿಜಾರಿನಲ್ಲಿ, ಇದೇ ಸೈಕಲ್ ಮೇಲೆ, ಏಜೆನ್ಸಿಯ ಆಳು ಈರಣ್ಣ ಸತ್ತಿದ್ದ.

"ನಿನ್ನ ಬುದ್ಧಿವಾದ ಯಾರು ಕೇಳಿದ್ರು? ಹೇಳಿದ್ದು ಮಾಡು."

ಮೆಕ್ಯಾನಿಕ್ ದೊಡ್ಡ ಮೋಟರನ್ನೇ ಕೂರಿಸಿದ. ಏಜೆನ್ಸಿಯಿಂದಲೇ ನಾಲ್ಕು ತುಂಬಿದ ಸಿಲಿಂಡರ್ ತರಿಸಿ ಕಟ್ಟಿದ. ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಸೈಕಲ್ಲನ್ನು ಇಳಿಜಾರಿನ ಕಡೆ ತಿರುಗಿಸಿ ಕೈಮುಗಿದ.

"ಹತ್ತಿ ಸಾರ್. ಪೂಜೆಯಾದ ಗಾಡೀನ ನಿಂಬೆಹಣ್ಣಿನ ಮೇಲೆ ಹತ್ತಿಸೋದು ಯಜಮಾನರೇ ಅಲ್ವಾ?"

ರುದ್ರಮುನಿಯಪ್ಪ ಇಳಿಜಾರು ನೋಡಿದ. ಬ್ರೇಕ್ ಅದುಮಿ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

"ಹೆಂಡ್ತಿ ಮಕ್ಕಳಿರೋನು ಕಣಯ್ಯಾ ನಾನು!"

"ಈರಣ್ಣನಿಗೂ ಇದ್ರು ಸಾರ್," ಅಂದ ಮೆಕ್ಯಾನಿಕ್, ಸ್ಪ್ಯಾನರ್ ಕೈಗೆತ್ತಿಕೊಂಡು. "ಸಣ್ಣದು ಹಾಕ್ಲಾ?"