ಕರಿಕಿವಿಯ ಮರಿ ಮತ್ತು ಕಸ್ತೂರಿ ಸೆಂಟು

ಕುರಿಯ ಕಣ್ಣು ಅದರ ಮೂಗಿನಲ್ಲಿದೆ. ಹಿಂಡಿನ ಮರಿಗಳೆಲ್ಲ ಒಟ್ಟಿಗೆ ಅರಚಿದರೂ ತಾಯಿ ತನ್ನದನ್ನು ಮೂಸಿಯೇ ಹುಡುಕಿಕೊಳ್ಳುತ್ತದೆ. ಬೇರೆ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಗುಮ್ಮಿ ಓಡಿಸುತ್ತದೆ. ಅದಕ್ಕೇ ಕುರಿ ಕಾಯುವವರಲ್ಲಿ ಒಂದು ಮಾತಿದೆ. ಹಸಿ ಮರಿ ಮುಟ್ಟುವ ಮುಂಚೆ ಕೈಗೆ ಮಣ್ಣು ತಿಕ್ಕಿಕೋ; ಸೋಪಿನ ಕೈಯಲ್ಲಿ ಎತ್ತಿದ ಮರಿ ತಾಯಿಗೆ ಪರರ ಮರಿ.

ಅಮೋಗಿಗೆ ಈ ಮಾತು ಚಿಕ್ಕಂದಿನಿಂದ ಗೊತ್ತು. ಕಲಿಸಿದವನು ಅವನ ತಾಯಿಯ ಅಪ್ಪ, ಸಿದ್ರಾಮ ಮುತ್ಯಾ. ಅಜ್ಜ ಮೊಮ್ಮಗ ಕೂಡಿ ಒಂದು ಹಿಂಡು ಕಾಯುತ್ತಿದ್ದರು. ಇವತ್ತು ಈ ಊರಿನ ಹೊಲ, ನಾಳೆ ಮುಂದಿನ ಊರಿನದು. ಹುಲ್ಲು ಎಲ್ಲೋ ಬಿಡಾರ ಅಲ್ಲಿ.

ಆ ಹಿಂಡಿನಲ್ಲಿ ಒಂದು ವಯಸ್ಸಾದ ಕುರಿ ಇತ್ತು. ಒಂದು ಕಿವಿ ಕಪ್ಪು, ಹಾಗಾಗಿ ಕರಿಕಿವಿ ಅಂತಲೇ ಹೆಸರು. ಅಮೋಗಿಯ ತಾಯಿ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಕುರಿ ಅದು. ತಾಯಿ ಹೋಗಿಬಿಟ್ಟಳು, ಅವಳದು ಅಂತ ಉಳಿದದ್ದು ಇದೊಂದೇ. ಎರಡು ಸಲ ಗಬ್ಬವಾಗಿ, ದಿನ ತುಂಬದೆ ಕಂದು ಹಾಕಿತ್ತು. ಈ ಸಲ ಗಬ್ಬ ನಿಂತಿತ್ತು. ಇದಾದ ಮೇಲೆ ಇನ್ನು ಈಯುವುದಿಲ್ಲ ಅಂತ ಮುತ್ಯಾ ಹೇಳಿಬಿಟ್ಟಿದ್ದ. ಹೆಣ್ಣು ಮರಿಯಾಗಲಿ, ಅವ್ವನ ತಳಿ ಉಳಿಯಲಿ ಅಂತ ಅಮೋಗಿ ದಿನಾ ಅದರ ಹೊಟ್ಟೆ ಸವರಿ ನೋಡುತ್ತಿದ್ದ.

ಅದೇ ಬೇಸಿಗೆಯಲ್ಲಿ ಅವನಿಗೆ ಹೆಣ್ಣು ನೋಡುವ ಮಾತು ಬಂತು. ಹಿಂದೆಯೂ ಬಂದಿತ್ತು, ಕೂಡಿಬಂದಿರಲಿಲ್ಲ. ಯಾರೂ ಬಾಯಿಬಿಟ್ಟು ಕಾರಣ ಹೇಳಿರಲಿಲ್ಲ. ಆದರೆ ಒಂದು ಮನೆಯಲ್ಲಿ ತಾನು ಎದ್ದುಬಂದ ಕೂಡಲೇ ಕೂತ ಚಾಪೆಯನ್ನು ಬಿಸಿಲಿಗೆ ಹಾಕಿದ್ದನ್ನು ಅವನೇ ತಿರುಗಿ ನೋಡಿದ್ದ. ಬಸ್ಸಿನಲ್ಲೂ ಅದೇ ಪಾಡು. ಅವನು ಕೂತರೆ ಪಕ್ಕದವರು ಸೆರಗು, ಟವೆಲು ಮೂಗಿಗೆ ತರುತ್ತಿದ್ದರು.

ಈ ಸಲ ಹೆಗಲ ಕಂಬಳಿಯನ್ನು ನಾಚಿಕೆಯಿಂದ ಬಿಡಾರದಲ್ಲೇ ಬಿಟ್ಟು, ಹೊಸ ಅಂಗಿ ತೊಟ್ಟು ಹೊರಟ. ತಾಳಿಕೋಟಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತಟ್ಟೆಯ ಮೇಲೆ ಸಣ್ಣ ಸಣ್ಣ ಸೀಸೆ ಇಟ್ಟುಕೊಂಡು ಮಾರುತ್ತಿದ್ದ.

"ಕಸ್ತೂರಿ ಸೆಂಟು, ತಂಪು ವಾಸನಿ. ಬ್ಯಾಸಗಿಗಂತನ ಮಾಡಿದ್ದು. ದಿನಾ ಹಚ್ಕೋ, ಒಂದೂಟದ ರೊಕ್ಕ ಸಾಕು. ಸಾವಕಾರಗೂ ಇದ, ನಿನಗೂ ಇದ. ವಾಸನಿಗೇನ್ ಗೊತ್ತು ತಮ್ಮಾ, ಬಡವ ಯಾರು, ಶ್ರೀಮಂತ ಯಾರು?"

ಸುಳ್ಳು ಹೇಳಬಾರದು, ವಾಸನೆ ಚೆನ್ನಾಗಿಯೇ ಇತ್ತು. ಆಗಷ್ಟೇ ಒಗೆದು ನೆರಳಿನಲ್ಲಿ ಒಣಗಿಸಿದ ಬಟ್ಟೆಯ ಹಾಗೆ. ಒಳಗೆಲ್ಲೋ ಲಾವಂಚದ ತಂಪು. ಅಮೋಗಿ ಒಂದು ಸೀಸೆ ಕೊಂಡು ಎದೆಗೆ, ತೋಳಿಗೆ, ಕಂಕುಳಿಗೆ ಸುರಿದುಕೊಂಡ. ಬಸ್ಸಿನಲ್ಲಿ ಹಿರಿಯರೊಬ್ಬರು ತಾವಾಗಿ ಬಂದು ಪಕ್ಕದಲ್ಲಿ ಕೂತರು. ಅಮೋಗಿ ಕಿಟಕಿಯ ಕಡೆ ಸರಿದು ಅವರಿಗೆ ಇನ್ನಷ್ಟು ಜಾಗ ಮಾಡಿಕೊಟ್ಟ.

ಹೆಣ್ಣಿನ ಮನೆಗೆ ಅಮೋಗಿಯ ಸೋದರಮಾವನೂ ಬಂದಿದ್ದ. ಹುಡುಗಿ ಅವಲಕ್ಕಿ ತಂದಳು, ಹತ್ತಿರವೇ ನಿಂತಳು, ಹಿಂದೆ ಸರಿಯಲಿಲ್ಲ. ಅವಳ ಅತ್ತೆಯೊಬ್ಬಳು ಮಾವನಿಗೆ ಹೇಳಿದಳು, "ಕುರಿ ಹಿಂದಿನವರಂತ ಗೊತ್ತೇ ಆಗಂಗಿಲ್ಲ ನೋಡ್ರಿ." ಎಲ್ಲರೂ ನಕ್ಕರು. ಅಮೋಗಿಯೂ ನಕ್ಕ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನು ಅಲ್ಲಿಯವರೆಗೆ ಕೇಳಿರಲಿಲ್ಲ. ಮುಂದಿನ ಮಾತಿಗೆ ಮಾವ ಅಲ್ಲೇ ಉಳಿದ. ಇವನು ತಿರುಗಿ ಬಂದ.

ಬಸ್ಸಿಳಿದು ಹೊಲದ ದಾರಿ ಹಿಡಿದಾಗ ನೆತ್ತಿ ಸುಡುತ್ತಿತ್ತು. ಹಿಂಡು ಮುಂದೆ ಹೋಗಿತ್ತು. ಬಟಾಬಯಲಿನಲ್ಲಿ ಕರಿಕಿವಿ ಒಂದೇ ನಿಂತಿತ್ತು. ಈದಿತ್ತು. ಹೆಣ್ಣು ಮರಿ. ತಾಯಿ ಇನ್ನೂ ನೆಕ್ಕುತ್ತಿತ್ತು, ಮರಿ ಬಿಸಿಲಿಗೆ ಬಾಯಿ ತೆರೆದಿತ್ತು, ಮೇಲೆ ಹದ್ದು ಸುತ್ತುತ್ತಿತ್ತು.

ಅಮೋಗಿ ಮಾತು ಮರೆಯಲಿಲ್ಲ. ಬಗ್ಗಿ ಮಣ್ಣು ತೆಗೆದು ಎರಡೂ ಕೈಗೆ ಚೆನ್ನಾಗಿ ತಿಕ್ಕಿಕೊಂಡ. ಆಮೇಲೇ ಮರಿಯನ್ನು ಎತ್ತಿ ಎದೆಗೆ ಅವಚಿಕೊಂಡು ಬೇವಿನ ಮರದ ಕಡೆ ನಡೆದ. ಕಂಬಳಿ ಇದ್ದಿದ್ದರೆ ಅದರಲ್ಲಿ ಸುತ್ತುತ್ತಿದ್ದ. ಅಂಗಿಯ ನೆನಪೇ ಆಗಲಿಲ್ಲ. ಹೇಗೆ ಆದೀತು? ಬೆಳಗಿನಿಂದ ಮೈಮೇಲಿದ್ದ ಆ ವಾಸನೆ ಅಷ್ಟು ಹೊತ್ತಿಗೆ ಅವನ ಮೂಗಿಗೆ ಸಿಗುತ್ತಲೇ ಇರಲಿಲ್ಲ.

ಮರಿಯ ದನಿ ಹಿಡಿದು ಕರಿಕಿವಿ ಹಿಂದೆಯೇ ಬಂತು. ನೆರಳಿನಲ್ಲಿ ಇಳಿಸಿದ. ಮೂಸಿತು. ಎರಡು ಹೆಜ್ಜೆ ಹಿಂದೆ ಹೋಯಿತು. ಮತ್ತೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಗುಮ್ಮಿತು.

ಅಮೋಗಿ ಕೂಗಿದ್ದು ಕೇಳಿ ಮುತ್ಯಾ ಓಡಿಬಂದ. ಮೊದಲು ಮರಿಯನ್ನು ಮೂಸಿದ, ಆಮೇಲೆ ಮೊಮ್ಮಗನ ಅಂಗಿ ಮೂಸಿದ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಇಬ್ಬರೂ ಸೇರಿ ಮರಿಯನ್ನು ನೀರಿನಲ್ಲಿ ತೊಳೆದರು, ಮಣ್ಣು ಹಚ್ಚಿದರು, ಕರಿಕಿವಿಯದೇ ಹಾಲು ಸವರಿದರು, ಬೆನ್ನಿಗೆ ಉಪ್ಪು ತಿಕ್ಕಿದರು. ಅದು ಉಪ್ಪನ್ನೂ ನೆಕ್ಕಲಿಲ್ಲ. ಹಿಡಿದು ನಿಲ್ಲಿಸಿ ಮರಿಯ ಬಾಯಿಗೆ ಮೊಲೆ ಕೊಟ್ಟರೆ ಹಾಲು ಇಳಿಸಲಿಲ್ಲ. ಸೋವಿ ಸೆಂಟು ಬೇಗ ಹಾರಿಹೋಗುತ್ತದೆ ಅನ್ನುತ್ತಾರೆ. ಅವತ್ತು ಹೋಗಲಿಲ್ಲ.

ಹಾಲು ಕೊಡುವ ಬೇರೆ ಕುರಿ ತರುತ್ತೇನೆ ಅಂತ ಮುತ್ಯಾ ಹಿಂಡಿನ ಕಡೆ ಹೋದ. ಅಮೋಗಿ ಅಂಗಿ ಕಿತ್ತೆಸೆದು ಪಕ್ಕದ ಕಾಲುವೆಗಿಳಿದು, ಮೈಗೆ ರಾಡಿ ಹಾಕಿ ಹಾಕಿ ತಿಕ್ಕಿದ. ಚರ್ಮ ಕೆಂಪಾಯಿತು. ತಲೆ ಎತ್ತಿ ನೋಡಿದಾಗ ಮರಿ ತನ್ನಷ್ಟಕ್ಕೆ ಎದ್ದು ನಿಂತಿತ್ತು. ಕಾಲು ನಡುಗಿಸುತ್ತ ತಾಯಿಯ ಹತ್ತಿರ ನಡೆದಿತ್ತು. ಅದಕ್ಕೆ ತಾಯಿಯ ವಾಸನೆ ಗೊತ್ತಿತ್ತಲ್ಲ.

ಅವನು ಓಡಿದ. ಮುಟ್ಟುವಷ್ಟರಲ್ಲಿ ಕರಿಕಿವಿ ಗುಮ್ಮಿಬಿಟ್ಟಿತ್ತು, ಮರಿ ಬೇವಿನ ಬೇರಿಗೆ ಬಡಿದು ಬಿದ್ದಿತ್ತು. ಮತ್ತೆ ಏಳಲಿಲ್ಲ.

ಹೊತ್ತು ಇಳಿಯಿತು. ಆಗ ಶುರುವಾಯಿತು ಕರಿಕಿವಿಯ ಕೂಗು. ಮರಿಯನ್ನು ಕರೆಯುವ ಕೂಗು. ಈದ ಜಾಗಕ್ಕೆ ಹೋಗಿ ನೆಲ ಮೂಸಿತು. ಹಿಂಡಿಗೆ ಹೋಗಿ ಒಂದೊಂದೇ ಮರಿ ಮೂಸಿತು. ತಿರುಗಿ ಬೇವಿನ ಕೆಳಗೆ ಬಂತು. ಸತ್ತ ಮರಿ ಅಲ್ಲೇ ಇತ್ತು. ಅದನ್ನು ದಾಟಿಕೊಂಡು ಹುಡುಕಿತು.

ಅದೇ ಹೊತ್ತಿಗೆ ಮಾವನ ಫೋನು ಬಂತು. ಹೆಣ್ಣಿನವರು ಒಪ್ಪಿದ್ದಾರೆ, ಹುಡುಗಿಗೂ ಮನಸ್ಸಿದೆ ಅಂದ. ಅಮೋಗಿ ಫೋನು ಕೆಳಗಿಟ್ಟ.

"ಅವರು ಒಪ್ಪಿದ್ದು ಯಾರನ್ನ, ಮುತ್ಯಾ?"

ಮುತ್ಯಾ ಗುಂಡಿ ತೋಡುತ್ತಿದ್ದ. ಮಗಳ ಕುರಿಯ ಕೊನೆಯ ಮರಿಯನ್ನು ಅದರಲ್ಲಿಟ್ಟು ಮಣ್ಣೆಳೆದ. ಕರಿಕಿವಿ ಕೂಗುತ್ತಲೇ ಇತ್ತು.

ನೀತಿ: ಪರರ ಮೂಗಿಗೆ ಅಂಜಿ ನಿನ್ನ ಮೈಯ ಗುರುತನ್ನು ಅಳಿಸಿಕೊಳ್ಳಬೇಡ. ಮೂಗು ಮುಚ್ಚಿಕೊಂಡವರು ಏನನ್ನೂ ಕಳೆದುಕೊಳ್ಳುವುದಿಲ್ಲ, ಸೀಸೆ ಮಾರಿದವನೂ ಕಳೆದುಕೊಳ್ಳುವುದಿಲ್ಲ. ಕಳೆದುಕೊಳ್ಳುವುದು ನೀನು ಮತ್ತು ನಿನ್ನನ್ನು ನಂಬಿದ ಬಾಯಿಲ್ಲದ ಜೀವ. ಆಮೇಲೆ ಎಷ್ಟು ತೊಳೆದರೂ ಕಳೆದದ್ದು ತಿರುಗಿ ಬರುವುದಿಲ್ಲ.