ನೀಲವ್ವನ ಪತ್ರಿಕೆಗೆ ಹೊಸ ಮೊಳೆ

ಹೂಂಗುಟ್ಟುವವರು ಹೂಂಗುಟ್ಟಿ, ನಗುವವರು ಸ್ವಲ್ಪ ತಡೆದು ನಗಿ. ತುಂಗಭದ್ರೆಯ ದಂಡೆಯ ಒಂದು ಪೇಟೆಯಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ವಾರಪತ್ರಿಕೆ, ಒಬ್ಬ ಪೆದ್ದ ಮಗ ದ್ಯಾಮಣ್ಣ. ಅಚ್ಚಿನ ಸೀಸದ ಮೊಳೆಗಳು ಸವೆದು ಅಕ್ಷರವೇ ಕಾಣದಾಗಿತ್ತು. ಈ ವಾರದ ಸಂತೆಗೂ ಅಕ್ಷರ ಓದುವಂತಿರದಿದ್ದರೆ ಪತ್ರಿಕೆಯೇ ಬೇಡ ಎಂದು ಚಂದಾದಾರರು ಖಡಾಖಂಡಿತ ಹೇಳಿಬಿಟ್ಟಿದ್ದರು.

ನೀಲವ್ವ ಮಗನನ್ನು ಹುಬ್ಬಳ್ಳಿಗೆ ಅಟ್ಟಿದಳು. ಹೊಸ ಮೊಳೆ ತಾ, ಅಕ್ಷರ ಓದಿ ನೋಡು, ಸರಿ ಇಲ್ಲದ್ದನ್ನು ಮುಟ್ಟಬೇಡ ಅಂದಳು. ಹೋದ, ನೋಡಿದ, ಬರಿಗೈಯಲ್ಲಿ ಬಂದ.

"ಯವ್ವಾ, ಅಂಗಡಿಯವ ಮೋಸಗಾರ ಅದಾನ. ಅಷ್ಟೂ ಅಕ್ಷರ ತಿರುವುಮುರುವು."

ನೀಲವ್ವ ಹಣೆ ಚಚ್ಚಿಕೊಂಡಳು. ಹಳೇ ಮೊಳೆಯೊಂದನ್ನು ಗೋಡೆಯ ಕನ್ನಡಿಗೆ ಹಿಡಿದು ತೋರಿಸಿದಳು. ಸೀಸದಲ್ಲಿ ತಿರುವು, ಕಾಗದದಲ್ಲಿ ನೆಟ್ಟಗೆ. ಓದಲು ಬಾರದಿದ್ದರೆ ಕನ್ನಡಿ ಹಿಡಿ, ಕೊಟ್ಟದ್ದನ್ನು ಬೇಗ ತಾ ಅಂದಳು.

ಹೋದ, ಬೇಗ ತಂದ. ಪೊಟ್ಟಣಗಳನ್ನೆಲ್ಲ ಬಿಚ್ಚಿ ಒಂದೇ ಚೀಲಕ್ಕೆ ಸುರಿದರೆ ಹೊರುವುದು ಬೇಗ ತಾನೇ? ಕ ಎಲ್ಲಿ, ಳ ಎಲ್ಲಿ, ದೇವರೇ ಬಲ್ಲ. ತಾಯಿ ಕಣ್ಣು ಕೀಲಿಸಿ ಆರಿಸಿ, ಮರದ ಪೆಟ್ಟಿಗೆಯ ಗೂಡುಗಳಿಗೆ ತುಂಬಿದಳು. ಅಕ್ಷರ ಬೆರೆಸಬಾರದು, ಬೆರೆತದ್ದು ಕಂಡರೆ ಅದರದರ ಗೂಡಿಗೆ ಹಾಕಬೇಕು ಎಂದು ಬೈದಳು.

ಆಯ್ತವ್ವ ಅಂದ. ಅವಳು ಹಲಗೆಯ ಮೇಲೆ ಮೊಳೆ ಸಾಲಿಟ್ಟು ಪುಟ ಜೋಡಿಸಿ, ಸುತ್ತ ದಾರ ಬಿಗಿದು, ಕಾಗದ ತರಲು ಹೋದಳು. ಬರುವಷ್ಟರಲ್ಲಿ ಪುಟವೇ ಇಲ್ಲ. ಸಾಲು ಸಾಲಾಗಿ ಬೆರೆತು ಕೂತಿದ್ದ ಅಕ್ಷರಗಳನ್ನು ದ್ಯಾಮಣ್ಣ ಒಂದೊಂದಾಗಿ ಗೂಡು ಮುಟ್ಟಿಸಿದ್ದ.

ನೀಲವ್ವ ಅತ್ತೇಬಿಟ್ಟಳು. "ತಮ್ಮಾ, ನಾಳೆ ಸಂತಿ. ಊರವರೆಲ್ಲ ಓದೋತನಕ ಪುಟದ ದಾರ ಬಿಚ್ಚಬ್ಯಾಡ. ಓದಿದ ಮ್ಯಾಲೆ ಬಿಚ್ಚು."

ಮತ್ತೆ ಜೋಡಿಸಿದಳು, ಅಚ್ಚು ಹಾಕಿದಳು. ಬೆಳಗಾಗುತ್ತಲೇ ಸಂತೆಗೆ ಹೋಗಿ ಊರವರಿಗೆ ಓದಿಸಿ ಬಾ ಎಂದು ಹೇಳಿ, ದಣಿದು ಅಲ್ಲೇ ಒರಗಿದಳು. ಎದ್ದು ನೋಡಿದರೆ ಪತ್ರಿಕೆಯ ಕಟ್ಟು ಇದ್ದಲ್ಲೇ ಇದೆ, ಜೋಡಿಸಿಟ್ಟ ಪುಟವಿಲ್ಲ. ಗೋಡೆಯ ಕನ್ನಡಿಯೂ ಇಲ್ಲ.

ಕಟ್ಟು ಹೊತ್ತು ಓಡಿದಳು. ದ್ಯಾಮಣ್ಣ ಸೀಸದ ಪುಟವನ್ನು ಹಲಗೆ ಸಮೇತ ಜೋಳದ ರಾಶಿಯ ಮೇಲಿಟ್ಟು, ಕನ್ನಡಿ ಹಿಡಿದು ನಿಂತಿದ್ದ. ಊರಿಗೆ ಊರೇ ಮುಗಿಬಿದ್ದು ಕನ್ನಡಿಯಲ್ಲಿ ಓದುತ್ತಿತ್ತು. ಎಷ್ಟು ಚೊಕ್ಕ ಅಕ್ಷರ ಎಂದು ಚಂದಾದಾರರೇ ಹೊಗಳುತ್ತಿದ್ದರು. ನೀಲವ್ವ ಕಟ್ಟು ಬಿಚ್ಚಿ ಹಂಚಿದಳು, ಒಂದು ಹಾಳೆಯೂ ಉಳಿಯಲಿಲ್ಲ. ಪತ್ರಿಕೆ ಉಳಿಯಿತು ಎಂದು ಅವಳ ಎದೆ ಹಗುರಾಯಿತು, ಮಗನ ಮೇಲೆ ಮಮತೆ ಉಕ್ಕಿತು.

"ಸಾಕು ತಮ್ಮಾ, ಊರೆಲ್ಲ ಓದಿತು."

"ಓದಿತಾ ಯವ್ವಾ?" ಅಂದವನೇ ದ್ಯಾಮಣ್ಣ ದಾರ ಬಿಚ್ಚಿದ, ಹಲಗೆ ಎತ್ತಿ ಕೊಡವಿದ.

ಆ ಸಂತೆಯಲ್ಲಿ ಜೋಳ ಕೊಂಡವರಿಗೆಲ್ಲ ಅಕ್ಷರ ಪುಕ್ಕಟೆ. ಇವತ್ತಿಗೂ ಆ ಪೇಟೆಯವರು ಜೋಳ ಹಸನು ಮಾಡುವಾಗ ಕಲ್ಲು ಸಿಕ್ಕರೆ ಬಿಸಾಡುತ್ತಾರೆ, ಅಕ್ಷರ ಸಿಕ್ಕರೆ ನೀಲವ್ವನ ಮನೆಗೆ ಮುಟ್ಟಿಸಿ ಆ ವಾರದ ಪತ್ರಿಕೆ ಇಸಕೊಂಡು ಬರುತ್ತಾರೆ.